ಗಾಡಿ ಬಡಿದ ಬೀದಿನಾಯಿ ಸಿಕ್ಕರೆ: ರಸ್ತೆಯಿಂದ ಆಪರೇಷನ್‌ಗೆ, ಅಲ್ಲಿಂದ ಹೊಸ ಮನೆಗೆ

ಕೆಂಪಿ ನನಗೆ ಸಿಕ್ಕಿದ್ದು ತುಮಕೂರಿನ ಕ್ಯಾತ್ಸಂದ್ರದ ಹತ್ತಿರ, ಹೆದ್ದಾರಿ ಪಕ್ಕದ ಸರ್ವೀಸ್ ರಸ್ತೆಯಲ್ಲಿ. ಬೆಳಗ್ಗೆ ಆರು ಗಂಟೆ ಇರಬೇಕು, ಹಾಲು ತರಲು ಹೊರಟಿದ್ದೆ. ಮೋರಿಯ ಚಪ್ಪಡಿ ಕಲ್ಲಿನ ಮೇಲೆ ಕೆಂಚು ಬಣ್ಣದ ಹೆಣ್ಣುನಾಯಿ ಕೂತಿತ್ತು. ಬಲಗಡೆಯ ಹಿಂಗಾಲು ಒದ್ದೆ ಬಟ್ಟೆಯ ಹಾಗೆ ಜೋತಾಡುತ್ತಿತ್ತು. ಕುಂಯ್ ಅಂತಲೂ ಅನ್ನುತ್ತಿರಲಿಲ್ಲ. ಬಾಯಿ ತೆರೆದು ಜೋರಾಗಿ ಉಸಿರಾಡುತ್ತಾ ಹೋಗುವ ಬರುವ ಗಾಡಿಗಳನ್ನೇ ನೋಡುತ್ತಿತ್ತು.

ಆವತ್ತು ನನಗೆ ಏನೂ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಮಾಡಿದ ಕೆಲವು ತಪ್ಪುಗಳಿಗೆ ಕೆಂಪಿ ನೋವು ತಿಂದಳು. ಆಮೇಲೆ ಇನ್ನೂ ಕೆಲವು ನಾಯಿಗಳು ಹೀಗೇ ಮನೆಗೆ ಬಂದು, ಸುಧಾರಿಸಿಕೊಂಡು ಹೋದವು. ಅವುಗಳಿಂದ ಕಲಿತದ್ದನ್ನು ಮೊದಲ ನಿಮಿಷದಿಂದ ಬರೆಯುತ್ತಿದ್ದೇನೆ. ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಆಪರೇಷನ್ ಅನ್ನುವುದು ಡಾಕ್ಟರ ಎರಡು ಮೂರು ಗಂಟೆಯ ಕೆಲಸ. ಅದು ಮುಗಿದ ಮೇಲಿನ ಎಂಟು ವಾರ ನಿಮ್ಮ ಕೆಲಸ. ನಾಯಿ ಮತ್ತೆ ನಡೆಯುತ್ತದೋ ಇಲ್ಲವೋ ಅನ್ನುವುದು ಬಹುಮಟ್ಟಿಗೆ ಆ ಎಂಟು ವಾರದಲ್ಲೇ ತೀರ್ಮಾನವಾಗುತ್ತದೆ.

ಹತ್ತಿರ ಹೋಗುವ ಮುಂಚೆ

ಮೊದಲು ದೂರ ನಿಂತು ಅರ್ಧ ನಿಮಿಷ ನೋಡಿ. ಜೊಲ್ಲು ಸುರಿಯುತ್ತಿದೆಯಾ, ದವಡೆ ಜೋತುಬಿದ್ದಿದೆಯಾ, ತೂರಾಡುತ್ತಾ ಸಿಕ್ಕಿದ್ದಕ್ಕೆಲ್ಲ ಬಾಯಿ ಹಾಕುತ್ತಿದೆಯಾ? ಹಾಗಿದ್ದರೆ ರೇಬಿಸ್ ಇರಬಹುದು. ಮುಟ್ಟಬೇಡಿ. ಜನರನ್ನು ದೂರ ಇರಿಸಿ, ನಗರಸಭೆ ಅಥವಾ ಪಾಲಿಕೆಯ ಪಶು ವಿಭಾಗಕ್ಕೆ ತಿಳಿಸಿ.

ಅಂಥ ಲಕ್ಷಣ ಇಲ್ಲದಿದ್ದರೂ ನೋವಿನಲ್ಲಿರುವ ನಾಯಿ ಕಚ್ಚುತ್ತದೆ. ದಿನಾ ನಿಮ್ಮ ಕೈಯಲ್ಲೇ ಬಿಸ್ಕತ್ತು ತಿನ್ನುವ ನಾಯಿಯೂ ಕಚ್ಚುತ್ತದೆ. ಅದಕ್ಕೇ ಎದುರಿನಿಂದ ನುಗ್ಗಬೇಡಿ. ಪಕ್ಕದಿಂದ ನಿಧಾನವಾಗಿ, ಮೆಲ್ಲಗೆ ಮಾತಾಡುತ್ತಾ ಹೋಗಿ. ದುಪ್ಪಟ್ಟಾ ಅಥವಾ ಉದ್ದನೆಯ ಬಟ್ಟೆ ಇದ್ದರೆ ಮೂತಿಗೆ ಒಂದು ಸುತ್ತು ಹಾಕಿ, ಗದ್ದದ ಕೆಳಗೆ ಕತ್ತರಿ ಮಾಡಿ, ಕಿವಿಯ ಹಿಂದೆ ಗಂಟು ಹಾಕಿ. ಬಿಚ್ಚಲು ಸುಲಭವಾಗುವ ಗಂಟೇ ಇರಲಿ. ನಾಯಿ ವಾಂತಿ ಮಾಡುತ್ತಿದ್ದರೆ, ಉಸಿರಿಗೆ ಒದ್ದಾಡುತ್ತಿದ್ದರೆ, ಮುಖಕ್ಕೇ ಪೆಟ್ಟು ಬಿದ್ದಿದ್ದರೆ ಬಾಯಿ ಕಟ್ಟಲೇಬಾರದು. ಆಗ ದಪ್ಪ ಟವೆಲ್ಲನ್ನು ತಲೆಯ ಮೇಲೆ ಸಡಿಲವಾಗಿ ಹಾಕಿದರೆ ಸಾಕು. ಕತ್ತಲಾದರೆ ಎಷ್ಟೋ ನಾಯಿಗಳು ಸುಮ್ಮನಾಗುತ್ತವೆ.

ಕಚ್ಚಿದರೆ ಅಥವಾ ಹಲ್ಲು ತಾಕಿ ಗೀರಿದರೂ ಸರಿ, ಗಾಯವನ್ನು ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡೇ ತೊಳೆಯಿರಿ, ಯಾಕೆಂದರೆ 15 ನಿಮಿಷ ನಾವು ಅಂದುಕೊಂಡಷ್ಟು ಚಿಕ್ಕದಲ್ಲ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಶುರು ಮಾಡಿಸಿ. ಚರ್ಮದಲ್ಲಿ ಕೊಡುವ ಲಸಿಕೆಯಾದರೆ ಮೊದಲ ದಿನವನ್ನು 0 ಅಂತ ಎಣಿಸಿ 0, 3, 7, 28ನೇ ದಿನ ಹೋಗಬೇಕು. ರಕ್ತ ಬಂದ ಗಾಯಕ್ಕೆ ಗಾಯದ ಸುತ್ತಲೇ ಕೊಡುವ ಇನ್ನೊಂದು ಇಂಜೆಕ್ಷನ್, ಇಮ್ಯುನೋಗ್ಲೋಬ್ಯುಲಿನ್, ಕೂಡ ಬೇಕಾಗುತ್ತದೆ. ಕೇಳಿ ಪಡೆಯಿರಿ. ರೇಬಿಸ್ ಲಕ್ಷಣ ಒಮ್ಮೆ ಶುರುವಾದರೆ ಉಳಿಸುವ ದಾರಿ ಇಲ್ಲ. ಈ ಕೆಲಸವನ್ನು ಮುಂದೆಯೂ ಮಾಡುವ ಮನಸ್ಸಿದ್ದರೆ ಮುಂಚಿತವಾಗಿಯೇ ಲಸಿಕೆ ಹಾಕಿಸಿಕೊಳ್ಳಿ.

ಎತ್ತುವಾಗ

ಎತ್ತುವ ಮುಂಚೆ ಮೊಬೈಲಿನಲ್ಲಿ ಎರಡು ಫೋಟೊ ತೆಗೆಯಿರಿ. ಒಂದು ನಾಯಿಯದ್ದು, ಇನ್ನೊಂದು ಸುತ್ತಲಿನ ಜಾಗದ್ದು. ಪಕ್ಕದ ಅಂಗಡಿಯಲ್ಲಿ ವಿಚಾರಿಸಿ. ಕೆಂಪಿಯ ಬಗ್ಗೆ ಕೇಳಿದಾಗ ಟೀ ಅಂಗಡಿಯವರು, "ಅಕ್ಕ, ಇದು ನಮ್ಮ ಬೀದಿದೇ. ಹೋದ ದೀಪಾವಳಿಗೆ ಇಷ್ಟೇ ಇಷ್ಟಿತ್ತು" ಅಂತ ಅಂಗೈ ಅಗಲಿಸಿ ತೋರಿಸಿದರು. ಆ ಒಂದು ಮಾತಿನಿಂದ ಅವಳಿಗೆ ಹೆಚ್ಚುಕಡಿಮೆ ಒಂದು ವರ್ಷ ಅಂತ ಗೊತ್ತಾಯಿತು. ಚಿಕಿತ್ಸೆಗೆ ವಯಸ್ಸು ಎಷ್ಟು ಮುಖ್ಯ ಅನ್ನುವುದು ಮುಂದೆ ಬರುತ್ತದೆ. ಹೆಣ್ಣುನಾಯಿಯಾದರೆ ಮೊಲೆಗಳನ್ನು ನೋಡಿ. ಹಾಲು ತುಂಬಿದ್ದರೆ ಆಸುಪಾಸಿನಲ್ಲಿ ಎಲ್ಲೋ ಮರಿಗಳಿವೆ. ಚರಂಡಿ, ಮರಳಿನ ರಾಶಿ, ಕಟ್ಟುತ್ತಿರುವ ಮನೆಗಳಲ್ಲಿ ಹುಡುಕಿಯೇ ಹೊರಡಿ.

ಬೆನ್ನಿಗೋ ಸೊಂಟಕ್ಕೋ ಪೆಟ್ಟಾಗಿರುವ ಅನುಮಾನ ಇದ್ದರೆ ಕೈಯಲ್ಲಿ ಎತ್ತಿಕೊಳ್ಳಬೇಡಿ. ಪ್ಲೈವುಡ್ ತುಂಡು, ಹಳೇ ಕೇರಂ ಬೋರ್ಡು, ದಪ್ಪ ರಟ್ಟು, ಚಪ್ಪಟೆಯಾಗಿರುವುದು ಏನು ಸಿಕ್ಕರೂ ಅದರ ಮೇಲೆ ನಾಯಿಯನ್ನು ಸರಿಸಿ. ಏನೂ ಸಿಗದಿದ್ದರೆ ಬೆಡ್‌ಶೀಟಿನ ನಾಲ್ಕು ಮೂಲೆಗಳನ್ನು ಇಬ್ಬರು ಹಿಡಿದು ಬಿಗಿಯಾಗಿ ಎಳೆದು ಎತ್ತಬಹುದು. ಮುರಿದ ಕಾಲು ಮೇಲೆ ಬರುವ ಹಾಗೆ ಮಲಗಿಸಿ. ರಕ್ತ ಸುರಿಯುತ್ತಿದ್ದರೆ ಶುಭ್ರವಾದ ಬಟ್ಟೆ ಮಡಚಿ ಐದು ನಿಮಿಷ ಒತ್ತಿ ಹಿಡಿಯಿರಿ. ನಿಂತಿತಾ ಅಂತ ಮಧ್ಯೆ ಮಧ್ಯೆ ತೆಗೆದು ನೋಡಬೇಡಿ. ಮುರಿದ ಕಾಲಿಗೆ ಮನೆಯಲ್ಲೇ ಸ್ಕೇಲು, ಕಡ್ಡಿ ಕಟ್ಟುವ ಪ್ರಯತ್ನ ಬೇಡ. ತೊಡೆಯ ಮೂಳೆ ಮುರಿದಾಗ ಕಡ್ಡಿ ಕಟ್ಟಿದರೆ ಮುರಿದ ಜಾಗದ ಮೇಲೇ ಭಾರ ಬಿದ್ದು ಇನ್ನಷ್ಟು ಹಾಳಾಗುತ್ತದೆ.

ನೀರು, ಹಾಲು, ಬ್ರೆಡ್ ಏನೂ ಕೊಡಬೇಡಿ. ಪಾಪ ಅನ್ನಿಸುತ್ತದೆ, ಗೊತ್ತು. ಆದರೆ ಅರೆಪ್ರಜ್ಞೆಯಲ್ಲಿರುವ ನಾಯಿಯ ಬಾಯಿಗೆ ಹಾಕಿದ ನೀರು ಶ್ವಾಸಕೋಶಕ್ಕೆ ಹೋಗಬಹುದು. ತುರ್ತಾಗಿ ಅರಿವಳಿಕೆ ಕೊಡಬೇಕಾಗಿ ಬಂದರೆ ಹೊಟ್ಟೆ ಖಾಲಿ ಇರಬೇಕು.

ಇನ್ನೂ ಮುಖ್ಯವಾದದ್ದು: ಮನುಷ್ಯರ ನೋವಿನ ಮಾತ್ರೆ ಕೊಡಲೇಬೇಡಿ. ಐಬುಪ್ರೊಫೇನ್, ಡೈಕ್ಲೊಫಿನಾಕ್ ನಾಯಿಗಳ ಹೊಟ್ಟೆಯಲ್ಲಿ ಹುಣ್ಣು ಮಾಡಿ ಕಿಡ್ನಿ ಕೆಡಿಸುತ್ತವೆ. ಪ್ಯಾರಾಸಿಟಮಾಲ್ ಪ್ರಮಾಣ ಮೀರಿದರೆ ಲಿವರ್ ಹಾಳಾಗುತ್ತದೆ. ಗಾಯಕ್ಕೆ ಹುಳ ಬಿದ್ದಿದ್ದರೆ ಸೀಮೆಎಣ್ಣೆ, ಪೆಟ್ರೋಲ್, ಫಿನಾಯಿಲ್ ಸುರಿಯುವವರು ನಮ್ಮ ಕಡೆ ಇನ್ನೂ ಇದ್ದಾರೆ. ಹಸಿ ಮಾಂಸದ ಮೇಲೆ ಅದನ್ನು ಹೊಯ್ದರೆ ಆಗುವ ಉರಿ ಊಹಿಸಿಕೊಳ್ಳಿ. ಚರ್ಮವೂ ಸುಟ್ಟುಹೋಗುತ್ತದೆ. ಹುಳ ತೆಗೆಯುವ ಸ್ಪ್ರೇ ಪಶುವೈದ್ಯರ ಹತ್ತಿರ ಇರುತ್ತದೆ, ಅದನ್ನೇ ಬಳಸಿ.

ದಾರಿಯಲ್ಲಿ ಸಾಧ್ಯವಾದರೆ ತುಟಿ ಎತ್ತಿ ಒಸಡು ನೋಡಿ. ಗುಲಾಬಿ ಇದ್ದರೆ ಒಳ್ಳೆಯದು. ಬೆರಳಲ್ಲಿ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಣ್ಣ ವಾಪಸ್ ಬರಬೇಕು. ಒಸಡು ಬಿಳಿಚಿಕೊಂಡಿದ್ದರೆ ಒಳಗೆ ರಕ್ತಸ್ರಾವ ಆಗುತ್ತಿರಬಹುದು. ಆಸ್ಪತ್ರೆ ಬಾಗಿಲಲ್ಲೇ ಇದನ್ನು ಮೊದಲು ಹೇಳಿ. (ಹುಟ್ಟಿನಿಂದಲೇ ಕಪ್ಪು ಒಸಡಿನ ನಾಯಿಗಳಿರುತ್ತವೆ. ಅವುಗಳಲ್ಲಿ ಕಣ್ಣಿನ ಕೆಳರೆಪ್ಪೆಯ ಒಳಭಾಗ ನೋಡಬೇಕು.)

ಎಲ್ಲಿಗೆ ಕರೆದುಕೊಂಡು ಹೋಗುವುದು

1962ಕ್ಕೆ ಕರೆ ಮಾಡಿದರೆ ಸರ್ಕಾರದ ಪಶು ಸಂಜೀವಿನಿ ವಾಹನ ಸಿಗುತ್ತದೆ. ಅದು ಮುಖ್ಯವಾಗಿ ದನಕರುಗಳಿಗೆಂದು ಬಂದದ್ದು, ಆದರೂ ಕೇಳಿ ನೋಡಿ. ಮೂಳೆಯ ಆಪರೇಷನ್ ಮಾತ್ರ ದೊಡ್ಡ ಆಸ್ಪತ್ರೆಯಲ್ಲೇ ಆಗಬೇಕು. ಬೆಂಗಳೂರಿನ ಸುತ್ತಮುತ್ತಲಿನವರಿಗೆ ಹೆಬ್ಬಾಳದ ಪಶುವೈದ್ಯ ಕಾಲೇಜು ಮತ್ತು ಕ್ವೀನ್ಸ್ ರಸ್ತೆಯ ಸರ್ಕಾರಿ ಪಶು ಆಸ್ಪತ್ರೆ ಇವೆ. ಹಾಸನ, ಶಿವಮೊಗ್ಗ, ಬೀದರ್‌ಗಳಲ್ಲೂ ಪಶುವೈದ್ಯ ಕಾಲೇಜುಗಳಿವೆ. 1991ರಿಂದ ಕೆಲಸ ಮಾಡುತ್ತಿರುವ ಕ್ಯೂಪಾದಂಥ ಪ್ರಾಣಿ ರಕ್ಷಣೆಯ ಸಂಸ್ಥೆಗಳು ಬೆಂಗಳೂರಿನಲ್ಲಿವೆ. ಆದರೆ ಅಲ್ಲಿ ಯಾವಾಗಲೂ ಜಾಗ ತುಂಬಿರುತ್ತದೆ. ಫೋನ್ ಮಾಡಿ ಕೇಳದೆ ನಾಯಿಯನ್ನು ತಂದು ಗೇಟಿನ ಹತ್ತಿರ ಬಿಟ್ಟು ಹೋಗುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಯಾರಾದರೂ ಬೇಕೆಂದೇ ನಾಯಿಗೆ ಗಾಯ ಮಾಡಿದ್ದರೆ ಪೊಲೀಸರಿಗೆ ದೂರು ಕೊಡಬಹುದು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಇದೆ, ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಇದೆ. ಫೋಟೊ, ಗಾಡಿ ನಂಬರು, ಡಾಕ್ಟರ ಚೀಟಿ ಇಟ್ಟುಕೊಂಡಿರಿ.

ಎಕ್ಸ್‌ರೇ ಇಲ್ಲದೆ ಪ್ಲಾಸ್ಟರ್ ಬೇಡ

ಇಲ್ಲಿ ನಾನು ಎಡವಿದ್ದು. ಕೆಂಪಿಯನ್ನು ಮೊದಲು ಕರೆದುಕೊಂಡು ಹೋದ ಒಂದು ಕ್ಲಿನಿಕ್‌ನಲ್ಲಿ ಎಕ್ಸ್‌ರೇ ಇರಲಿಲ್ಲ. ಕಾಲು ಮುಟ್ಟಿ ನೋಡಿ, ಸೊಂಟದ ತನಕ ಪ್ಲಾಸ್ಟರ್ ಹಾಕಿ, ಮೂರು ವಾರ ಬಿಟ್ಟು ಬನ್ನಿ ಅಂದರು. ನಾನೂ ನೆಮ್ಮದಿಯಾಗಿ ಮನೆಗೆ ಬಂದೆ. ಒಂಬತ್ತನೇ ದಿನ ಅವಳು ಮಲಗಿದ್ದ ಗೋಣಿಚೀಲದಿಂದ ವಾಸನೆ ಬಂತು. ಪಾದ ಊದಿಕೊಂಡು ಮಧ್ಯದ ಎರಡು ಬೆರಳುಗಳ ಉಗುರು ಅಗಲವಾಗಿ ದೂರ ಸರಿದಿದ್ದವು. ಇನ್ನೊಂದು ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಬಿಚ್ಚಿದಾಗ ತೊಡೆಯ ಒಳಗೆ ಅಂಗೈ ಅಗಲ ಚರ್ಮ ಕಿತ್ತುಹೋಗಿತ್ತು. ಎಕ್ಸ್‌ರೇಯಲ್ಲಿ ತೊಡೆ ಮೂಳೆಯ ಎರಡು ತುಂಡುಗಳು ಒಂದರ ಮೇಲೊಂದು ಏರಿ ಕೂತಿದ್ದವು.

ಯಾಕೆ ಹೀಗಾಯಿತು ಅಂತ ಆ ಡಾಕ್ಟರ್ ತಾಳ್ಮೆಯಿಂದ ಹೇಳಿದರು. ಪ್ಲಾಸ್ಟರ್ ಕೆಲಸ ಮಾಡಬೇಕಾದರೆ ಮುರಿದ ಜಾಗದ ಮೇಲಿನ ಕೀಲು, ಕೆಳಗಿನ ಕೀಲು ಎರಡೂ ಅಲ್ಲಾಡಬಾರದು. ತೊಡೆ ಮೂಳೆಯ ಮೇಲಿನ ಕೀಲು ಸೊಂಟದಲ್ಲಿದೆ. ನಾಯಿಯ ಸೊಂಟವನ್ನು ಅಲ್ಲಾಡದ ಹಾಗೆ ಹಿಡಿದಿಡುವ ಪ್ಲಾಸ್ಟರ್ ಇಲ್ಲ. ಅದೂ ಅಲ್ಲದೆ ವರ್ಷದೊಳಗಿನ ಎಳೆಯ ನಾಯಿಗಳಲ್ಲಿ ಕಾಲನ್ನು ಉದ್ದಕ್ಕೆ ಕಟ್ಟಿಟ್ಟರೆ ತೊಡೆಯ ಮುಂದಿನ ಮಾಂಸಖಂಡ ಗಟ್ಟಿಯಾಗಿ ಮೂಳೆಗೆ ಅಂಟಿಕೊಳ್ಳುತ್ತದೆ. ಆಮೇಲೆ ಮಂಡಿ ಮಡಚಲು ಬರುವುದಿಲ್ಲ, ಕಾಲು ಕೋಲಿನ ಹಾಗೆ ನೆಟ್ಟಗೆ ನಿಂತುಬಿಡುತ್ತದೆ.

ಹಾಗಾಗಿ ಎರಡು ದಿಕ್ಕಿನಿಂದ ತೆಗೆದ ಎಕ್ಸ್‌ರೇ ಕೇಳಿ. ಒಂದೇ ಕಡೆಯಿಂದ ತೆಗೆದರೆ ಮೂಳೆ ಸರಿದಿರುವುದು ಕಾಣದೇ ಇರಬಹುದು. ಗಾಡಿ ಬಡಿದ ನಾಯಿಗೆ ಎದೆಯ ಎಕ್ಸ್‌ರೇ ಕೂಡ ಬೇಕು. ಕಾಲಿನ ಗಾಯ ಕಣ್ಣಿಗೆ ಕಾಣುತ್ತದೆ, ಹೊಟ್ಟೆ ಮತ್ತು ಎದೆಯ ನಡುವಿನ ಪರದೆ ಹರಿದದ್ದು ಕಾಣುವುದಿಲ್ಲ. ಉಚ್ಚೆ ಹೊಯ್ಯುತ್ತಿದೆಯಾ ಅಂತ ಮೊದಲ 24 ಗಂಟೆ ಗಮನಿಸಿ. ಮೂತ್ರಕೋಶ ಒಡೆದಿದ್ದರೆ ಸಿಗುವ ಮುಖ್ಯವಾದ ಸುಳಿವು ಅದು.

ಮುಂಗಾಲಿನ ಮೊಣಕೈ ಕೆಳಗಿನ ಅಥವಾ ಹಿಂಗಾಲಿನ ಮಂಡಿ ಕೆಳಗಿನ ಮೂಳೆ ಸರಿಯದೆ ಬಿರುಕು ಬಿಟ್ಟಿದ್ದರೆ ಪ್ಲಾಸ್ಟರ್ ಸಾಕಾಗಬಹುದು. ಸೊಂಟದ ಮೂಳೆ ಮುರಿದಿದ್ದರೆ ಎಷ್ಟೋ ಸಲ ಆಪರೇಷನ್ನೇ ಇಲ್ಲದೆ, ಆರರಿಂದ ಎಂಟು ವಾರ ಪಂಜರದಲ್ಲಿ ಮಲಗಿಸಿದರೆ ಕೂಡಿಕೊಳ್ಳುತ್ತದೆ. ಬೆನ್ನುಹುರಿಗೆ ಪೆಟ್ಟಾಗಿದ್ದರೆ ಡಾಕ್ಟರ್ ನಾಯಿಯ ಕಾಲ್ಬೆರಳ ಮೂಳೆಯನ್ನು ಗಟ್ಟಿಯಾಗಿ ಒತ್ತಿ, ನೋವು ಗೊತ್ತಾಗುತ್ತಾ ಅಂತ ನೋಡುತ್ತಾರೆ. ಕಾಲು ಹಿಂದಕ್ಕೆ ಎಳೆದುಕೊಂಡರೆ ಸಾಲದು, ತಿರುಗಿ ನೋಡಬೇಕು ಅಥವಾ ಕೂಗಬೇಕು. ಆ ಆಳದ ನೋವು ಗೊತ್ತಾದರೆ ಭರವಸೆ ಇದೆ.

ಗೊತ್ತಾಗದೇ ಇದ್ದರೆ? ಇನ್ನೊಬ್ಬ ಡಾಕ್ಟರ ಹತ್ತಿರವೂ ತೋರಿಸಿ. ಗಾಲಿಕುರ್ಚಿಯಲ್ಲಿ ಚೆನ್ನಾಗಿ ಬದುಕುವ ನಾಯಿಗಳಿವೆ. ದಿನಕ್ಕೆ ಮೂರು ನಾಲ್ಕು ಸಲ ಹೊಟ್ಟೆ ಒತ್ತಿ ಉಚ್ಚೆ ತೆಗೆಯುವ ಮನೆ ಸಿಕ್ಕರೆ ಅದು ಆಗುವ ಮಾತು. ಅಂಥ ಮನೆ ಸಿಗದೆ, ನೋವು ಕಡಿಮೆ ಮಾಡಲೂ ಆಗುವುದಿಲ್ಲ ಅಂತ ಇಬ್ಬರು ಡಾಕ್ಟರೂ ಹೇಳಿದರೆ, ನೋವಿಲ್ಲದೆ ಕಳಿಸಿಕೊಡುವುದನ್ನು ಒಪ್ಪಿಕೊಳ್ಳಿ. ನಾನು ಒಂದು ಸಲ ಒಪ್ಪಿದ್ದೇನೆ. ಕೊನೆಯ ತನಕ ತಲೆ ನನ್ನ ತೊಡೆಯ ಮೇಲಿತ್ತು.

ಆಪರೇಷನ್‌ಗೆ ಮುಂಚೆ ಕೇಳಬೇಕಾದ್ದು

ರಕ್ತ ಪರೀಕ್ಷೆ ಮಾಡಿಸದೆ ಅರಿವಳಿಕೆಗೆ ಒಪ್ಪಬೇಡಿ. ನಮ್ಮ ಬೀದಿನಾಯಿಗಳ ಮೈಮೇಲೆ ಉಣುಗು ಜಾಸ್ತಿ. ಉಣುಗಿನಿಂದ ಬರುವ ಜ್ವರ, ಡಾಕ್ಟರುಗಳು ಟಿಕ್ ಫೀವರ್ ಅನ್ನುವುದು, ಪ್ಲೇಟ್‌ಲೆಟ್ ಇಳಿಸುತ್ತದೆ. ಪ್ಲೇಟ್‌ಲೆಟ್ ಕಡಿಮೆ ಇದ್ದಾಗ ಕತ್ತಿ ಹಾಕಿದರೆ ರಕ್ತ ನಿಲ್ಲುವುದಿಲ್ಲ. ಕೆಂಪಿಗೂ ಕಡಿಮೆ ಇತ್ತು. ಡಾಕ್ಸಿಸೈಕ್ಲಿನ್ ಅನ್ನುವ ಆಂಟಿಬಯಾಟಿಕ್ ಶುರು ಮಾಡಿ, ತೊಡೆಯ ಗಾಯವನ್ನು ದಿನಾ ಸಲೈನ್‌ನಲ್ಲಿ ತೊಳೆದು, ಆರು ದಿನ ಕಾದು ಆಪರೇಷನ್ ಮಾಡಿದರು. ಆ ಆರು ದಿನ ನನಗೆ ನಿದ್ದೆ ಇರಲಿಲ್ಲ. ಆದರೆ ಕಾದದ್ದೇ ಸರಿ.

ಖರ್ಚಿನ ಅಂದಾಜನ್ನು ಬರೆಸಿಕೊಳ್ಳಿ. ಎಕ್ಸ್‌ರೇ, ರಕ್ತ ಪರೀಕ್ಷೆ, ಅರಿವಳಿಕೆ, ಮುರಿದ ಮೂಳೆಯನ್ನು ಹಿಡಿದಿಡುವ ಲೋಹದ ಪ್ಲೇಟು ಮತ್ತು ಸ್ಕ್ರೂ, ಆಸ್ಪತ್ರೆಯಲ್ಲಿ ಉಳಿಯುವ ದಿನಗಳು, ಆಮೇಲಿನ ಎಕ್ಸ್‌ರೇಗಳು ಎಲ್ಲ ಬೇರೆ ಬೇರೆ ಇರಬೇಕು. ಜನರಿಂದ ಹಣ ಸೇರಿಸುವುದಾದರೆ ಆದಷ್ಟು ಆಸ್ಪತ್ರೆಯ ಖಾತೆಗೇ ನೇರವಾಗಿ ಹಾಕಿಸಿ, ಬಿಲ್ಲಿನ ಫೋಟೊ ಎಲ್ಲರಿಗೂ ಕಳಿಸಿ. ನೂರು ರೂಪಾಯಿ ಕೊಟ್ಟವರಿಗೂ ಕಳಿಸಿ.

ಪಿನ್ನಾ ಪ್ಲೇಟಾ ಅಂತ ಡಾಕ್ಟರ್ ಹೇಳುತ್ತಾರೆ. ಮೂಳೆಯ ಒಳಗೆ ಒಂದೇ ಪಿನ್ ತೂರಿಸಿದರೆ ಮೂಳೆ ಬಾಗುವುದಿಲ್ಲ, ಆದರೆ ತಿರುಚಿಕೊಳ್ಳಬಹುದು. ಪ್ಲೇಟು ಎರಡನ್ನೂ ತಡೆಯುತ್ತದೆ, ಖರ್ಚು ಜಾಸ್ತಿ. ಕಾಲು ಉಳಿಸಲು ಆಗುವುದೇ ಇಲ್ಲ ಅಂದರೆ ತೆಗೆಸಲು ಹೆದರಬೇಡಿ. ಮೂರು ಕಾಲಿನ ನಾಯಿ ಕೆಲವೇ ದಿನಗಳಲ್ಲಿ ನಡೆಯುವುದನ್ನು ಕಲಿಯುತ್ತದೆ. ನಾಯಿಯ ಭಾರದಲ್ಲಿ ಹೆಚ್ಚಿನ ಪಾಲು, ಸುಮಾರು ಶೇ 60, ಮುಂಗಾಲುಗಳ ಮೇಲೆ ಇರುವುದರಿಂದ ಹಿಂಗಾಲು ಹೋದರೆ ಹೊಂದಿಕೊಳ್ಳುವುದು ಇನ್ನೂ ಸುಲಭ.

ಹಿಂದಿನ ರಾತ್ರಿ ಊಟ ಎಷ್ಟು ಹೊತ್ತಿಗೆ ನಿಲ್ಲಿಸಬೇಕು ಅಂತ ಕೇಳಿ. ದೊಡ್ಡ ನಾಯಿಗೆ ಸಾಮಾನ್ಯವಾಗಿ 8ರಿಂದ 12 ಗಂಟೆ ಉಪವಾಸ. ಮರಿಗಳಿಗೆ ಅಷ್ಟು ಹೊತ್ತು ಮಾಡಿಸಬಾರದು, ಸಕ್ಕರೆ ಅಂಶ ಇಳಿದುಬಿಡುತ್ತದೆ.

ಎಂಟು ವಾರ ಪಂಜರದಲ್ಲಿ

ಪಂಜರ ಅಂದ ತಕ್ಷಣ ಕ್ರೂರ ಅನ್ನಿಸುತ್ತದೆ, ಅಲ್ವಾ? ನನಗೂ ಹಾಗೇ ಅನ್ನಿಸಿತ್ತು. ಆದರೆ ಪ್ಲೇಟು ಮೂಳೆಯನ್ನು ಹಿಡಿದುಕೊಂಡಿರುತ್ತದೆ ಅಷ್ಟೇ. ಬೆಸೆಯುವುದು ದೇಹ. ಅದಕ್ಕೆ ದೊಡ್ಡ ನಾಯಿಯಲ್ಲಿ ಎಂಟು ವಾರ, ಕೆಲವೊಮ್ಮೆ ಹನ್ನೆರಡು ವಾರ ಬೇಕು. ಎಳೆಯ ಮರಿಗಳಲ್ಲಿ ನಾಲ್ಕೇ ವಾರದಲ್ಲಿ ಆಗಿಬಿಡುವುದೂ ಉಂಟು. ಅಲ್ಲಿಯವರೆಗೆ ಜಿಗಿತ, ಓಟ, ಮೆಟ್ಟಿಲು ಯಾವುದೂ ಇಲ್ಲ. ಎದ್ದು ನಿಂತು, ಒಂದು ಸುತ್ತು ತಿರುಗಿ, ಕಾಲು ಚಾಚಿ ಮಲಗುವಷ್ಟು ಜಾಗ ಇದ್ದರೆ ಸಾಕು. ಮನೆಯವರು ಓಡಾಡುವ ಕಡೆಯೇ ಪಂಜರ ಇಡಿ, ಮೂಲೆಯ ಕತ್ತಲೆ ಕೋಣೆಯಲ್ಲಿ ಬೇಡ.

ಮೊದಲ ಎರಡು ಮೂರು ದಿನ ಬೀದಿನಾಯಿ ಗೋಡೆ ಕಡೆ ಮುಖ ಮಾಡಿಕೊಂಡು ಕೂರುತ್ತದೆ. ತಿನ್ನುವುದಿಲ್ಲ. ಅದಕ್ಕೆ ಸೂರು ಹೊಸದು, ಫ್ಯಾನು ಹೊಸದು, ಮಿಕ್ಸಿ ಶಬ್ದ ಹೊಸದು. ಅಪ್ಪಿಕೊಂಡು ಸಮಾಧಾನ ಮಾಡಲು ಹೋಗಬೇಡಿ. ಪಕ್ಕದಲ್ಲಿ ಸುಮ್ನೆ ಕೂತು ಪೇಪರ್ ಓದಿ. ಕೆಂಪಿ ಮೂರನೇ ರಾತ್ರಿ ನನ್ನ ಕೈಯ ಬದಲು ನನ್ನ ಚಪ್ಪಲಿಯನ್ನು ಮೂಸಿ ನೋಡಿದಳು. ಮರುದಿನ ಬೆಳಗ್ಗೆ ಮೊಟ್ಟೆ ತಿಂದಳು.

ಹೊಲಿಗೆ ನೆಕ್ಕದಂತೆ ಕುತ್ತಿಗೆಗೆ ಕೋನ್, ಅಂದರೆ ಮುಖದ ಸುತ್ತ ಆಲಿಕೆಯ ಹಾಗೆ ನಿಲ್ಲುವ ಪ್ಲಾಸ್ಟಿಕ್ ಪಟ್ಟಿ, ಹಾಕಿಯೇ ಇರಿ. ಒಂದು ರಾತ್ರಿ ಬಿಚ್ಚಿದರೆ ಸಾಕು, ಬೆಳಗಾಗುವಷ್ಟರಲ್ಲಿ ಹೊಲಿಗೆ ಕಿತ್ತಿರುತ್ತದೆ. ಹತ್ತರಿಂದ ಹದಿನಾಲ್ಕನೇ ದಿನಕ್ಕೆ ಹೊಲಿಗೆ ಬಿಚ್ಚುತ್ತಾರೆ. ದಿನಕ್ಕೆರಡು ಸಲ ಗಾಯ ನೋಡಿ: ಊತ ಏರುತ್ತಿದೆಯಾ, ಬಿಸಿ ಇದೆಯಾ, ಕೀವು ಅಥವಾ ವಾಸನೆ ಇದೆಯಾ? ಬ್ಯಾಂಡೇಜ್ ಇದ್ದರೆ ಬೆರಳುಗಳನ್ನು ನೋಡಿ. ಉಗುರುಗಳು ಅಗಲವಾಗಿ ಬಿಡಿಸಿಕೊಂಡಿದ್ದರೆ ಬ್ಯಾಂಡೇಜ್ ಬಿಗಿಯಾಗಿದೆ ಅಂತ ಅರ್ಥ, ಅದೇ ದಿನ ಬಿಚ್ಚಿಸಬೇಕು. ಹೊರಗೆ ಕರೆದೊಯ್ಯುವಾಗ ಮೇಲೆ ಪ್ಲಾಸ್ಟಿಕ್ ಕವರ್ ಕಟ್ಟಿ, ಒಳಗೆ ಬಂದ ತಕ್ಷಣ ತೆಗೆಯಿರಿ. ನಾಯಿಯ ಮೈಶಾಖ ಸಹಜವಾಗಿಯೇ ನಮಗಿಂತ ಜಾಸ್ತಿ, 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 103 ದಾಟಿದರೆ ಡಾಕ್ಟರಿಗೆ ಫೋನ್ ಮಾಡಿ.

ನೋವಿನ ಮಾತ್ರೆ ಊಟದ ನಂತರವೇ. ವಾಂತಿ ಅಥವಾ ಡಾಂಬರಿನಂಥ ಕಪ್ಪು ಕಕ್ಕಸು ಆದರೆ ಮಾತ್ರೆ ನಿಲ್ಲಿಸಿ ಡಾಕ್ಟರನ್ನು ಕೇಳಿ. ಆಪರೇಷನ್ ಆದ ಮೇಲೆ ಮೂರು ದಿನ ಕಕ್ಕಸು ಮಾಡದಿದ್ದರೆ ಗಾಬರಿ ಬೇಡ, ಸಿಹಿಗುಂಬಳ ಬೇಯಿಸಿ ಅನ್ನಕ್ಕೆ ಕಲಸಿ ಕೊಡಿ. ಕೋಳಿ, ಮೊಟ್ಟೆ, ಅನ್ನ, ಸ್ವಲ್ಪ ಮೊಸರು ಒಳ್ಳೆಯ ಊಟ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟ್ ಬೇಡವೇ ಬೇಡ. ಬೇಯಿಸಿದ ಮೂಳೆ ಒಡೆದು ಚೂಪಾಗುತ್ತದೆ, ಅದೂ ಬೇಡ. ಹಾಲಿನಿಂದ ಬಹಳ ನಾಯಿಗಳಿಗೆ ಭೇದಿ ಆಗುತ್ತದೆ.

ಮನೆಯಲ್ಲಿ ಬೇರೆ ನಾಯಿ ಇದ್ದರೆ ಹದಿನೈದು ದಿನ ಬೇರೆ ಬೇರೆ ಇಡಿ. ಪಾರ್ವೊ, ಡಿಸ್ಟೆಂಪರ್ ಅನ್ನುವ ನಾಯಿಗಳ ಅಂಟುರೋಗಗಳು ಒಳಗೇ ಇದ್ದು ತಡವಾಗಿ ಕಾಣಿಸಿಕೊಳ್ಳಬಹುದು.

ಉಚ್ಚೆಗೆ ಕರೆದೊಯ್ಯುವಾಗ ಹೊಟ್ಟೆಯ ಕೆಳಗೆ, ಹಿಂಗಾಲುಗಳ ಮುಂದೆ, ಟವೆಲ್ ತೂರಿಸಿ ಎರಡೂ ತುದಿ ಮೇಲೆ ಹಿಡಿದುಕೊಳ್ಳಿ. ಐದು ನಿಮಿಷ, ಕುತ್ತಿಗೆಗೆ ಹಗ್ಗ ಇರಲೇಬೇಕು. ನಮ್ಮದು ರೆಡ್ ಆಕ್ಸೈಡ್ ನೆಲ, ನಾಯಿಗೆ ಮಂಜುಗಡ್ಡೆ ಇದ್ದ ಹಾಗೆ. ಪಂಜರದಿಂದ ಬಾಗಿಲ ತನಕ ಗೋಣಿಚೀಲ ಹಾಸಿ ಅಂಚಿಗೆ ಟೇಪು ಹಚ್ಚಿದೆವು.

ಮೂರನೇ ವಾರ ಅತಿ ಅಪಾಯದ ಹೊತ್ತು. ಆಗ ನೋವು ಕಡಿಮೆಯಾಗಿರುತ್ತದೆ, ಮೂಳೆ ಕೂಡಿರುವುದಿಲ್ಲ. ನಾಯಿ ಬಾಲ ಅಲ್ಲಾಡಿಸುತ್ತಾ ಪಂಜರದ ಬಾಗಿಲು ಕೆರೆಯುತ್ತದೆ. ಹದಿನೆಂಟನೇ ದಿನ ನನ್ನ ಮನಸ್ಸು ಕರಗಿತು. ಹತ್ತು ನಿಮಿಷ ಅಂತ ಬಿಟ್ಟೆ. ಕೆಂಪಿ ಒಂದೇ ನೆಗೆತಕ್ಕೆ ಮಂಚ ಹತ್ತಿ ಇಳಿದಳು, ಇಳಿಯುವಾಗ ಕಿರುಚಿದಳು. ಎಕ್ಸ್‌ರೇಯಲ್ಲಿ ಒಂದು ಸ್ಕ್ರೂ ಸ್ವಲ್ಪ ಹೊರಗೆ ಸರಿದಿತ್ತು. ಪುಣ್ಯಕ್ಕೆ ಮತ್ತೆ ಕೊಯ್ಯಬೇಕಾಗಲಿಲ್ಲ, ಪಂಜರದ ವಾಸ ಎರಡು ವಾರ ಹೆಚ್ಚಾಯಿತು. ನಿಮ್ಮ ಮನಸ್ಸು ಕರಗಿದಾಗ ಬಾಗಿಲು ತೆಗೆಯುವ ಬದಲು ಒಳಗೆ ಕೆಲಸ ಕೊಡಿ. ರಟ್ಟಿನ ಡಬ್ಬಿಯಲ್ಲಿ ಕಡಲೆಕಾಯಿಯಷ್ಟು ಕೋಳಿ ಚೂರುಗಳನ್ನು ಬಚ್ಚಿಡಿ, ಹರಿದು ಹುಡುಕಲಿ. ಕೂತ್ಕೋ, ಕೈ ಕೊಡು, ಹೆಸರು ಕರೆದರೆ ನೋಡು, ಇಷ್ಟನ್ನು ಪಂಜರದಲ್ಲೇ ಕಲಿಸಬಹುದು. ಮುಂದೆ ಮನೆ ಹುಡುಕುವಾಗ ಇದು ಕೈ ಹಿಡಿಯುತ್ತದೆ.

ಡಾಕ್ಟರ್ ಹೇಳಿದ ಮೇಲೆ ವ್ಯಾಯಾಮ ಶುರು ಮಾಡಿ. ನಾಯಿಯನ್ನು ಪಕ್ಕಕ್ಕೆ ಮಲಗಿಸಿ, ಒಂದು ಕೈ ಮಂಡಿಯ ಮೇಲೆ, ಇನ್ನೊಂದು ಪಾದದ ಹತ್ತಿರ. ನೋವಾಗದಷ್ಟು ಮಡಚಿ, ಬಿಡಿಸಿ. ಹತ್ತು ಹದಿನೈದು ಸಲ, ದಿನಕ್ಕೆ ಮೂರು ಹೊತ್ತು. ಆಮೇಲೆ ಹಗ್ಗ ಹಿಡಿದು ತುಂಬಾ ನಿಧಾನವಾಗಿ ನಡೆಸಿ. ಬೇಗ ನಡೆದರೆ ನಾಯಿ ಮೂರೇ ಕಾಲಲ್ಲಿ ಕುಪ್ಪಳಿಸುತ್ತದೆ, ನಿಧಾನ ಮಾಡಿದರೆ ಮಾತ್ರ ನಾಲ್ಕನೆಯದನ್ನು ಊರುತ್ತದೆ. ಕೆಂಪಿ ನಡೆಯುವಾಗ ವರಾಂಡದ ಮೊಸಾಯಿಕ್ ಮೇಲೆ ಟಿಕ್ ಟಿಕ್ ಟಿಕ್ ಅಂತ ಮೂರು ಉಗುರಿನ ಶಬ್ದ, ಆಮೇಲೆ ಒಂದು ಖಾಲಿ. ಆರನೇ ವಾರದ ಒಂದು ಸಂಜೆ ಅಡಿಗೆ ಮನೆಯಲ್ಲಿದ್ದವಳಿಗೆ ಆ ಖಾಲಿಯಲ್ಲಿ ಒಂದು ಸಣ್ಣ ಶಬ್ದ ಕೇಳಿಸಿತು. ಬಂದು ನೋಡಿದರೆ ಬೆರಳ ತುದಿ ಮಾತ್ರ ನೆಲಕ್ಕೆ ತಾಕಿಸುತ್ತಿದ್ದಳು. ಒಲೆ ಮೇಲಿನ ಹಾಲು ಉಕ್ಕಿಹೋಯಿತು.

ಬೀದಿಗೆ ವಾಪಸ್ಸೋ, ಮನೆಗೋ

ನಾಲ್ಕನೇ ವಾರ ಒಂದು, ಎಂಟನೇ ವಾರ ಒಂದು ಎಕ್ಸ್‌ರೇ ತೆಗೆಸಿ. ಮೂಳೆ ಕೂಡಿದ ಮೇಲೆ ಜಂತುಹುಳದ ಔಷಧಿ, ರೇಬಿಸ್ ಲಸಿಕೆ, ಪಾರ್ವೊ ಡಿಸ್ಟೆಂಪರ್ ಲಸಿಕೆ, ಸಂತಾನಹರಣದ ಆಪರೇಷನ್ ಮುಗಿಸಿ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಸಂತಾನಹರಣ ಮತ್ತು ಲಸಿಕೆ ಆದ ಬೀದಿನಾಯಿಯನ್ನು ಹಿಡಿದ ಜಾಗಕ್ಕೇ ವಾಪಸ್ ಬಿಡಬೇಕು. ಪೂರ್ತಿ ಗುಣವಾದ, ತನ್ನ ಬೀದಿಯಲ್ಲಿ ಊಟ ಹಾಕುವವರಿರುವ ದೊಡ್ಡ ನಾಯಿಗೆ ಅದೇ ಸರಿಯಾದ ಜಾಗ ಇರಬಹುದು. ಆದರೆ ಕಾಲು ಕಳೆದುಕೊಂಡ, ಕುಂಟುವ, ಕಣ್ಣು ಕಾಣದ ನಾಯಿಯನ್ನು ಹೆದ್ದಾರಿ ಪಕ್ಕ ಬಿಟ್ಟರೆ ಮಾಡಿದ್ದೆಲ್ಲ ವ್ಯರ್ಥ. ಕೆಂಪಿಗೆ ಓಡಲು ಬರುತ್ತಿತ್ತು, ಆದರೆ ಲಾರಿ ಶಬ್ದ ಕೇಳಿದರೆ ಅಲ್ಲಾಡದೆ ನಿಂತುಬಿಡುತ್ತಿದ್ದಳು. ಅವಳಿಗೆ ಮನೆಯೇ ಬೇಕಿತ್ತು.

ಮನೆ ಹುಡುಕುವುದನ್ನು ಕೊನೆಗೆ ಇಟ್ಟುಕೊಳ್ಳಬೇಡಿ. ಹೊಲಿಗೆ ಬಿಚ್ಚಿದ ದಿನದಿಂದಲೇ ಶುರು ಮಾಡಿ. ರಕ್ತದ ಫೋಟೊ ಹಾಕಿದರೆ ಜನ ಅಯ್ಯೋ ಅನ್ನುತ್ತಾರೆ, ಹಣವನ್ನೂ ಕೊಡುತ್ತಾರೆ, ನಾಯಿಯನ್ನು ಕೇಳುವುದಿಲ್ಲ. ಬೆಳಗಿನ ಬಿಸಿಲಲ್ಲಿ, ನಾಯಿಯ ಕಣ್ಣಿನ ಮಟ್ಟಕ್ಕೆ ಕೂತು ತೆಗೆದ ಫೋಟೊ ಹಾಕಿ. ಇಪ್ಪತ್ತು ಸೆಕೆಂಡಿನ ವಿಡಿಯೊದಲ್ಲಿ ಅದು ನಡೆಯುವುದನ್ನು ತೋರಿಸಿ, ಕುಂಟುವುದನ್ನು ಮುಚ್ಚಿಡಬೇಡಿ. ಕಾಲಲ್ಲಿ ಪ್ಲೇಟು ಇದೆ, ಚಳಿಗಾಲದ ಬೆಳಗ್ಗೆ ಸ್ವಲ್ಪ ಬಿಗಿಯುತ್ತದೆ, ಲಾರಿಗೆ ಹೆದರುತ್ತಾಳೆ, ಮಕ್ಕಳೆಂದರೆ ಇಷ್ಟ ಅಂತ ಇದ್ದದ್ದು ಇದ್ದ ಹಾಗೆ ಬರೆಯಿರಿ.

ಕೇಳಿ ಬಂದವರಿಗೆ ಈ ಪ್ರಶ್ನೆಗಳನ್ನು ಹಾಕಿ: ಸ್ವಂತ ಮನೆಯಾ, ಬಾಡಿಗೆಯಾ? ಬಾಡಿಗೆಯಾದರೆ ಮಾಲೀಕರನ್ನು ಕೇಳಿದ್ದೀರಾ? ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ? ರಾತ್ರಿ ಎಲ್ಲಿ ಮಲಗಿಸುತ್ತೀರಿ? ಮನೆಯ ಹಿರಿಯರು ಒಪ್ಪಿದ್ದಾರಾ? ಕೊನೆಯ ಪ್ರಶ್ನೆಯನ್ನು ಹಿರಿಯರಿಗೇ ಕೇಳಿ. ಕಾವಲಿಗೆ ಒಂದು ನಾಯಿ ಬೇಕಿತ್ತು, ಗೇಟಿಗೆ ಕಟ್ಟಿ ಹಾಕುತ್ತೇವೆ ಅಂದವರಿಗೆ ನಾನು ಆಗುವುದಿಲ್ಲ ಅಂದಿದ್ದೇನೆ. ಬೇಸರ ಮಾಡಿಕೊಂಡರೂ ಪರವಾಗಿಲ್ಲ. ಅಪಾರ್ಟ್‌ಮೆಂಟ್‌ನವರಾದರೆ ಒಂದು ವಿಷಯ ತಿಳಿಸಿ: ಸಂಘಗಳು ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಹೊರಡಿಸಿದೆ.

ಕೆಂಪಿಯನ್ನು ಕೇಳಿ ಬಂದವರು ತಿಪಟೂರಿನ ಹತ್ತಿರದ ಒಂದು ತೋಟದ ಮನೆಯ ದಂಪತಿ. ನಿವೃತ್ತ ಮೇಷ್ಟ್ರು ಮತ್ತು ಅವರ ಹೆಂಡತಿ. ಮೇಷ್ಟ್ರು ಕೆಂಪಿಯನ್ನು ಮುಟ್ಟಲು ಹೋಗಲಿಲ್ಲ. ಜಗಲಿಯ ಮೇಲೆ ಕೂತು ನನ್ನ ಜೊತೆ ತೆಂಗಿನ ರೇಟಿನ ಬಗ್ಗೆ ಮಾತಾಡಿದರು. ಅರ್ಧ ಗಂಟೆಯ ಮೇಲೆ ಅವಳೇ ಹೋಗಿ ಅವರ ಮೊಣಕಾಲಿಗೆ ಮೂತಿ ಒತ್ತಿದಳು. ಅವರ ಮನೆಗೂ ಹೋಗಿ ನೋಡಿದೆ. ಬಾವಿಗೆ ಕಟ್ಟೆ ಇದೆಯಾ, ಬೇಲಿಯಲ್ಲಿ ಸಂದು ಇದೆಯಾ, ಇಲಿ ಪಾಷಾಣ ಎಲ್ಲಿಡುತ್ತಾರೆ ಅಂತ ವಿಚಾರಿಸಿದೆ. ಅವರೇನೂ ತಪ್ಪು ತಿಳಿಯಲಿಲ್ಲ. ಹದಿನೈದು ದಿನ ಇಟ್ಟು ನೋಡಿ, ಹೊಂದದಿದ್ದರೆ ಬೇರೆಯವರಿಗೆ ಕೊಡದೆ ನನಗೇ ವಾಪಸ್ ಕೊಡಿ ಅಂತ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿದೆವು.

ಕಳಿಸುವ ದಿನ ಕುತ್ತಿಗೆಪಟ್ಟಿ ಒಂದು, ಎದೆಪಟ್ಟಿ ಒಂದು, ಎರಡಕ್ಕೂ ಬೇರೆ ಬೇರೆ ಹಗ್ಗ ಹಾಕಿ. ಹೊಸ ಮನೆಯ ಮೊದಲ ವಾರದಲ್ಲೇ ನಾಯಿ ತಪ್ಪಿಸಿಕೊಂಡು ಹೋಗುವ ಭಯ ಜಾಸ್ತಿ. ಕುತ್ತಿಗೆಪಟ್ಟಿಯಲ್ಲಿ ಹೊಸ ಮನೆಯವರ ಫೋನ್ ನಂಬರ್ ಬರೆದ ಬಿಲ್ಲೆ ಇರಲಿ. ಅದು ಮಲಗುತ್ತಿದ್ದ ಗೋಣಿಚೀಲವನ್ನು ತೊಳೆಯದೇ ಜೊತೆಗೆ ಕೊಡಿ, ಪರಿಚಿತ ವಾಸನೆ ಇದ್ದರೆ ಮೊದಲ ರಾತ್ರಿ ಕಷ್ಟ ಕಡಿಮೆ. ಒಂದು ಫೈಲಿನಲ್ಲಿ ಎಕ್ಸ್‌ರೇಗಳು, ಲಸಿಕೆ ಪುಸ್ತಕ, ಆಪರೇಷನ್ ಚೀಟಿ, ಯಾವ ಔಷಧಿ ಒಗ್ಗಲಿಲ್ಲ ಅನ್ನುವುದು, ಊಟದ ಹೊತ್ತು, ನಾವು ಬಳಸುವ ಮಾತುಗಳು ಎಲ್ಲ ಇರಲಿ. ಕೆಂಪಿಗೆ "ಕೂತ್ಕೋ" ಅಂದರೆ ಗೊತ್ತು, "ಕುಳಿತುಕೋ" ಅಂದರೆ ಗೊತ್ತಿಲ್ಲ. ಇದನ್ನೂ ಬರೆದಿದ್ದೆ.

ಮೂರು ದಿನ, ಮೂರು ವಾರ, ಮೂರು ತಿಂಗಳಿಗೆ ಫೋನ್ ಮಾಡಿ ವಿಚಾರಿಸಿ. ಮೊದಲ ಮೂರು ದಿನ ತಿನ್ನದಿರುವುದು, ಅಡಗಿ ಕೂರುವುದು ಸಹಜ ಅಂತ ಮುಂಚೆಯೇ ಹೇಳಿಟ್ಟಿರಿ. ಇಲ್ಲದಿದ್ದರೆ ಎರಡನೇ ದಿನವೇ ವಾಪಸ್ ತರುತ್ತಾರೆ. ಆರು ತಿಂಗಳಿಗೆ ಒಂದು ಎಕ್ಸ್‌ರೇ ತೆಗೆಸಿ. ಪ್ಲೇಟು ತೊಂದರೆ ಕೊಡದಿದ್ದರೆ ಒಳಗೇ ಬಿಡಬಹುದು. ಸ್ಕ್ರೂ ಚರ್ಮಕ್ಕೆ ಚುಚ್ಚಿದರೆ ಅಥವಾ ಸೋಂಕಾದರೆ ತೆಗೆಯುತ್ತಾರೆ. ವರ್ಷಕ್ಕೊಂದು ರೇಬಿಸ್ ಲಸಿಕೆ, ತಿಂಗಳಿಗೊಮ್ಮೆ ಉಣುಗಿನ ಔಷಧಿ ತಪ್ಪಬಾರದು. ತೋಟದಲ್ಲಿರುವ ನಾಯಿಗಂತೂ ಮಳೆಗಾಲದಲ್ಲಿ ದಿನಾ ಕಿವಿಯ ಒಳಗೆ, ಬೆರಳ ಸಂದಿಯಲ್ಲಿ ಹುಡುಕಿ ನೋಡಬೇಕು.

ಮೇಷ್ಟ್ರ ಮನೆಯಿಂದ ಮೊದಲ ಫೋನ್ ಬಂದದ್ದು ಐದನೇ ದಿನ ರಾತ್ರಿ. ಮಾತಾಡಿದ್ದು ಅವರ ಹೆಂಡತಿ. "ಅಮ್ಮಾ, ಇವಳು ಜಗಲಿ ಮೇಲೆ ಹತ್ತೋಕೆ ನೋಡ್ತಿದ್ದಾಳೆ, ಹತ್ತಲಿ ಬಿಡ್ಲಾ?" ಜಗಲಿ ಎಷ್ಟು ಎತ್ತರ ಅಂತ 'ಗೇಣು' ಲೆಕ್ಕದಲ್ಲಿ ಕೇಳಿದೆ. ಮೂರು ಗೇಣು ಅಂದರು. ಇನ್ನೊಂದು ತಿಂಗಳು ಬೇಡ, ಪಕ್ಕದಲ್ಲಿ ಒಂದು ಮೆಟ್ಟಿಲು ಕಲ್ಲು ಇಡಿ ಅಂದೆ. ಮರುದಿನ ಬೆಳಗ್ಗೆ ಫೋಟೊ ಬಂತು. ಕಲ್ಲು ಇಟ್ಟಾಗಿತ್ತು, ಅದರ ಮೇಲೆ ಗೋಣಿಚೀಲ ಹಾಸಿಯೂ ಆಗಿತ್ತು.